ಕೈಗಾ: ಒಂದೇ ಪ್ರಶ್ನೆಗೆ ಎರಡು ಲೆಕ್ಕ



ಕೈಗಾ ಅಣುಸ್ಥಾವರದ ಸುತ್ತ ಕ್ಯಾನ್ಸರ್ ಹೆಚ್ಚಿದೆಯೇ ಎಂಬ ಪ್ರಶ್ನೆ ಕಾರವಾರ, ಅಂಕೋಲಾ ತಾಲೂಕುಗಳ ಜನರಿಗೆ ಹೊಸದಲ್ಲ. ಮೊದಲೆರಡು ಘಟಕಗಳು 2000ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು, ನಾಲ್ಕನೆಯದು 2011ರಲ್ಲಿ. ಆರೋಗ್ಯ ಸಮೀಕ್ಷೆಯೊಂದರ ವರದಿ ಬಂತೆಂದರೆ ನಾವು ಅದರ ಕೊನೆಯ ವಾಕ್ಯವನ್ನಷ್ಟೇ ಓದುತ್ತೇವೆ. ನಮ್ಮ ವಾದಕ್ಕೆ ಅನುಕೂಲವಾದರೆ ಒಪ್ಪುತ್ತೇವೆ, ಇಲ್ಲವಾದರೆ ತಳ್ಳಿಹಾಕುತ್ತೇವೆ. ಓದಬೇಕಾದ ಭಾಗ ನಡುವಿನ ಕೋಷ್ಟಕಗಳಲ್ಲಿರುತ್ತದೆ.

ನಾನು ವೈದ್ಯನಲ್ಲ, ಕೃಷಿ ವಿಜ್ಞಾನಿ. ಆದರೆ ಈ ನಿಯಮ ಎರಡೂ ಕಡೆ ಒಂದೇ. ಗಜನಿಯಲ್ಲಿ ಭತ್ತದ ತಳಿಯೊಂದನ್ನು ಪರೀಕ್ಷಿಸುವಾಗ ಒಂದು ತಾಕಿಗೆ ಉಪ್ಪುನೀರು ನುಗ್ಗಿತೆನ್ನಿ. ಆ ತಾಕನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕುತ್ತೇವೆ. ಎರಡರಲ್ಲೂ ತಳಿ ಗೆದ್ದರೆ ನಂಬಿಕೆ ಗಟ್ಟಿಯಾಗುತ್ತದೆ. ಒಂದರಲ್ಲಿ ಮಾತ್ರ ಗೆದ್ದರೆ, ಗೆದ್ದದ್ದು ತಳಿಯೋ ತಾಕೋ ಎಂದು ಕೇಳಲೇಬೇಕು. ವೈದ್ಯಕೀಯ ಸಂಶೋಧನೆಯಲ್ಲಿ ಇದಕ್ಕೆ ಸೆನ್ಸಿಟಿವಿಟಿ ಅನಾಲಿಸಿಸ್, ಎಂದರೆ ಸೂಕ್ಷ್ಮತಾ ವಿಶ್ಲೇಷಣೆ ಎಂಬ ಹೆಸರು.

ಜರ್ಮನಿಯಲ್ಲಿ 16 ಅಣುಸ್ಥಾವರಗಳ ಸುತ್ತ 1980ರಿಂದ 2003ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದಿದೆ. 5 ಕಿ.ಮೀ. ಒಳಗೆ ವಾಸಿಸಿದ, 5 ವರ್ಷದೊಳಗಿನ ಮಕ್ಕಳಲ್ಲಿ ರಕ್ತಕ್ಯಾನ್ಸರಿನ ಸಂಭವ ಸುಮಾರು ಇಮ್ಮಡಿ ಕಂಡಿತು. ಹ್ಯಾಂಬರ್ಗ್ ಸಮೀಪದ ಕ್ರುಮೆಲ್‌ನಲ್ಲಿ ಇಂತಹ ಪ್ರಕರಣಗಳು ಗುಂಪಾಗಿದ್ದುದು ಮೊದಲೇ ತಿಳಿದಿತ್ತು. ಆದ್ದರಿಂದ ಸಂಶೋಧಕರು ಒಂದೊಂದೇ ಸ್ಥಾವರವನ್ನು ಬಿಟ್ಟು ಲೆಕ್ಕ ಹಾಕಿದರು. ಫಲಿತಾಂಶ ಯಾವುದೇ ಒಂದು ಸ್ಥಾವರವನ್ನು ಅವಲಂಬಿಸಿರಲಿಲ್ಲ. ಆದರೂ ಸ್ಥಾವರಗಳಿಂದ ಹೊರಬೀಳುವ ವಿಕಿರಣದ ಪ್ರಮಾಣದಿಂದ ಈ ಹೆಚ್ಚಳವನ್ನು ವಿವರಿಸಲಾಗದೆಂದು ಅವರೇ ಬರೆದರು. ಹತ್ತಿರದ ವಲಯದಲ್ಲಿ ಸಿಕ್ಕಿದ್ದು ಕೇವಲ 37 ಮಕ್ಕಳು, ಅದೂ 24 ವರ್ಷಗಳಲ್ಲಿ.

ಕೈಗಾದ ಸುತ್ತ ದಟ್ಟ ಕಾಡು, ವಿರಳ ಜನವಸತಿ. ನಾಲ್ಕು ಪ್ರಕರಣ ಅತ್ತಿತ್ತ ಆದರೂ ಲೆಕ್ಕ ಬುಡಮೇಲಾದೀತು. ರೋಗಿಗಳು ಮಣಿಪಾಲ, ಹುಬ್ಬಳ್ಳಿ, ಗೋವಾಗಳಿಗೆ ಹೋಗುತ್ತಾರೆ. ಕಾರವಾರದ ದಾಖಲೆಯಷ್ಟನ್ನೇ ನೋಡಿದರೆ ಒಂದು ಸಂಖ್ಯೆ, ಆ ಊರುಗಳದ್ದನ್ನೂ ಸೇರಿಸಿದರೆ ಇನ್ನೊಂದು. ಮಲ್ಲಾಪುರದ ಟೌನ್‌ಶಿಪ್‌ನ ನೌಕರರಿಗೆ ನಿಯತ ಆರೋಗ್ಯ ತಪಾಸಣೆಯಿದೆ, ಪಕ್ಕದ ಹಳ್ಳಿಯವರಿಗಿಲ್ಲ. ಆದ್ದರಿಂದ ಟೌನ್‌ಶಿಪ್ ಬಿಟ್ಟ ಲೆಕ್ಕವೂ ಬೇಕು. ಅದಕ್ಕೂ ಕಠಿಣವಾದದ್ದು ವಾಸಸ್ಥಳ. ಕದ್ರಾ, ಕೊಡಸಳ್ಳಿ ಜಲಾಶಯಗಳಲ್ಲಿ ಮುಳುಗಡೆಯಾದವರು, ಸೀಬರ್ಡ್ ನೌಕಾನೆಲೆಗಾಗಿ ಕರಾವಳಿಯಿಂದ ಎದ್ದವರು ಇಂದು ಎಲ್ಲೆಲ್ಲೋ ಇದ್ದಾರೆ. ರೋಗ ಪತ್ತೆಯಾದ ದಿನದ ವಿಳಾಸ ಹಿಡಿಯುವುದೋ, ಹತ್ತು ವರ್ಷ ಹಿಂದಿನದೋ? ನಮ್ಮ ಜಿಲ್ಲೆಯಲ್ಲಿ ಇದು ಬರೀ ತಾಂತ್ರಿಕ ಪ್ರಶ್ನೆಯಲ್ಲ.

ಎರಡು ಲೆಕ್ಕ ಬೇರೆಯಾಯಿತೆಂದರೆ ಯಾರೋ ವಂಚಿಸಿದರೆಂದೇನೂ ಅಲ್ಲ. ಆದರೆ ಬೇರೆಯಾದದ್ದನ್ನು ಅನುಬಂಧದಲ್ಲಿ ಹೂತು, ಮುನ್ನುಡಿಯಲ್ಲಿ ‘ಹೆಚ್ಚಳವಿಲ್ಲ’ ಎನ್ನುವುದು ಸಲ್ಲದು. ಹಲವು ಲೆಕ್ಕಗಳಲ್ಲಿ ಹೆದರಿಸುವಂಥದ್ದೊಂದನ್ನೇ ಹೆಕ್ಕಿ ಕರಪತ್ರ ಅಚ್ಚುಹಾಕುವುದೂ ಸಲ್ಲದು. ಈ ಮಾತನ್ನು ನಮ್ಮವರಿಗೇ ಹೇಳುತ್ತಿದ್ದೇನೆ. ಯಾವ ಯಾವ ಬಗೆಯಲ್ಲಿ ಲೆಕ್ಕ ಹಾಕುತ್ತೇವೆಂದು ಸಮೀಕ್ಷೆಗೆ ಮೊದಲೇ ಪ್ರಕಟಿಸಿ, ಕೊನೆಗೆ ಅಷ್ಟನ್ನೂ ಒಂದೇ ಕೋಷ್ಟಕದಲ್ಲಿ, ಕನ್ನಡದಲ್ಲಿ, ಆಯಾ ಗ್ರಾಮ ಪಂಚಾಯತಿಗೆ ಕೊಡಬೇಕೆಂದು ನಾವು ಕೇಳಬಹುದು.