ಸಿಂಗಳೀಕದ ದಾರಿ



ಸಿಂಗಳೀಕ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಇಲ್ಲ. ಅದರ ಊಟ, ನಿದ್ದೆ, ಓಡಾಟ ಬಹುಪಾಲು ಮರದ ಮೇಲೆಯೇ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಮುಂದಿನ ಮರಿಗೆ ವರ್ಷಗಳೇ ಬೇಕು. ಹೀಗಾಗಿ ಒಂದು ತಾಯಿ ಸತ್ತರೂ ಗುಂಪಿನ ನಷ್ಟ ಬೇಗ ತುಂಬುವುದಿಲ್ಲ.

ರಸ್ತೆಗೆಂದು ಮರ ಕಡಿದಾಗ ಸಿಂಗಳೀಕದ ದಾರಿಯೇ ತುಂಡಾಗುತ್ತದೆ. ಆಗ ಅದು ನೆಲಕ್ಕಿಳಿದು ವಾಹನಕ್ಕೆ ಸಿಕ್ಕುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಇದಕ್ಕಾಗಿಯೇ ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ನಮ್ಮ ಉತ್ತರ ಕನ್ನಡದಲ್ಲಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು.

ನಮ್ಮ ಪಾಲಿನ ಕೆಲಸವೂ ಇದೆ. ಘಟ್ಟದ ಹಾದಿಯಲ್ಲಿ ವಾಹನ ನಿಲ್ಲಿಸಿ ತಿಂಡಿ ಎಸೆಯಬೇಡಿ. ನೀವು ಕರುಣೆಯಿಂದ ಕೊಟ್ಟ ಬಾಳೆಹಣ್ಣು ಅದಕ್ಕೆ ರಸ್ತೆಯ ರೂಢಿ ಹಿಡಿಸುತ್ತದೆ. ಆ ರೂಢಿಯೇ ಅದರ ಜೀವ ತೆಗೆಯುತ್ತದೆ.