ಕೊಳವೆ ಬಾವಿಯ ನೀರು ಮತ್ತು ಯುರೇನಿಯಂ

(ಕೆಂಗೇರಿ ಹೋಬಳಿಯ ರೈತರ ಮುಂದೆ ಮಾಡಿದ ಭಾಷಣ)



ಬಿತ್ತನೆ, ಗೊಬ್ಬರ, ಕೀಟಗಳ ವಿಷಯ ಕೇಳಲು ಬಂದ ತಮಗೆ ಯುರೇನಿಯಂ ಎಂಬ ಹೆಸರು ಕೇಳಿ ಆಶ್ಚರ್ಯವಾಗಬಹುದು. ಅಣುಬಾಂಬಿನ ಸಾಮಾನು ನಮಗೇಕೆ ಎನ್ನಬಹುದು. ಆದರೆ ಹಿಂದಿನ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ನಮ್ಮ ಬೋರಿನ ನೀರು ಕನ್ನಡಿಯ ಹಾಗೆ ತಿಳಿಯಾಗಿದೆ. ಅದರಲ್ಲಿ ಯುರೇನಿಯಂ ಇದೆ ಅಂತಾರೆ. ಮಗುವಿಗೆ ಕುಡಿಸಲೋ ಬೇಡವೋ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಇಂದಿನ ಮಾತಿನ ಉದ್ದೇಶ.

ಬಂಡೆಯಲ್ಲಿ ಇರುವುದು ನೀರಿಗೆ ಬರುವ ಬಗೆ

ಯುರೇನಿಯಂ ಯಾರೋ ತಂದು ಸುರಿದದ್ದಲ್ಲ. ಭೂಮಿ ಹುಟ್ಟಿದಾಗಿನಿಂದ ಕಲ್ಲುಮಣ್ಣಿನಲ್ಲಿ ಇದೆ. ಸರಾಸರಿ 10 ಲಕ್ಷ ಪಾಲು ಮಣ್ಣಿನಲ್ಲಿ 2ರಿಂದ 3 ಪಾಲು ಇರುತ್ತದೆ. ಹೀಗೆ ಲೆಕ್ಕ ಹಾಕಿದರೆ ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನಲ್ಲಿಯೇ ಸುಮಾರು 2 ಕಿಲೋಗ್ರಾಂ ಯುರೇನಿಯಂ ಇದೆ! ನಮ್ಮ ಅಜ್ಜ ಮುತ್ತಜ್ಜಂದಿರು ಉತ್ತದ್ದೂ ಇದೇ ಮಣ್ಣನ್ನೇ.

ಗ್ರಾನೈಟ್ ಕಲ್ಲಿನಲ್ಲಿ ಇದರ ಪ್ರಮಾಣ ಸ್ವಲ್ಪ ಹೆಚ್ಚು. ನಾವು ನಿಂತಿರುವ ನೆಲದಡಿ ಇರುವುದು ಲಾಲ್‌ಬಾಗಿನ ಬಂಡೆಯ ಜಾತಿಯ ನೈಸ್ ಶಿಲೆ. ಪಶ್ಚಿಮಕ್ಕೆ ಹೋದರೆ ರಾಮನಗರದ ಬೆಟ್ಟಗಳ ಗ್ರಾನೈಟ್. ರಾಮನಗರದ ಹಳೆಯ ಹೆಸರಿನಿಂದಲೇ ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು.

ಬಂಡೆಯೊಳಗೆ ಗಾಳಿ ತಾಕದೆ ಇರುವ ಯುರೇನಿಯಂ ನೀರಿನಲ್ಲಿ ಕರಗುವುದಿಲ್ಲ. ಆಮ್ಲಜನಕ ತಗುಲಿದಾಗ ಅದು ರೂಪ ಬದಲಿಸಿ ಕರಗುವ ಸ್ಥಿತಿಗೆ ಬರುತ್ತದೆ. ಕಬ್ಬಿಣದ ಮೊಳೆಗೆ ತುಕ್ಕು ಹಿಡಿಯುವಂಥದೇ ಕ್ರಿಯೆ ಇದು. ಆದರೆ ತುಕ್ಕು ಅಲ್ಲೇ ನಿಲ್ಲುತ್ತದೆ, ಯುರೇನಿಯಂ ನೀರಿನೊಡನೆ ಹೊರಡುತ್ತದೆ. ನೀರಿನಲ್ಲಿರುವ ಬೈಕಾರ್ಬೊನೇಟು ಮತ್ತು ಸುಣ್ಣದ ಅಂಶ ಅದರ ಕೈ ಹಿಡಿದು, ಮಣ್ಣಿಗೆ ಅಂಟಿಕೊಳ್ಳದಂತೆ ಮಾಡುತ್ತವೆ. ಗಡಸು ನೀರಿನ ಬಾವಿಗಳಲ್ಲಿ ಯುರೇನಿಯಂ ಸಲೀಸಾಗಿ ಸಾಗಲು ಇದೇ ಕಾರಣ.

ಹಿಂದೆ 30-40 ಅಡಿಯ ತೆರೆದ ಬಾವಿಯಲ್ಲಿ ಮಳೆನೀರು ವರ್ಷವರ್ಷವೂ ಬಂದು ಸೇರುತ್ತಿತ್ತು. ಈಗ ಸಾವಿರ ಅಡಿ ಕೊರೆದು, ಬಂಡೆಯ ಬಿರುಕುಗಳಲ್ಲಿ ಬಹುಕಾಲ ಕಲ್ಲಿನೊಡನೆ ಕೂಡಿದ್ದ ನೀರನ್ನು ಎತ್ತುತ್ತಿದ್ದೇವೆ. ಮಟ್ಟ ಇಳಿದಂತೆ ಬಿರುಕುಗಳೊಳಗೆ ಗಾಳಿಯೂ ಇಳಿಯುತ್ತದೆ.

ಇನ್ನೊಂದು ಮಾತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕೊಳಚೆ ಹೊತ್ತ ವೃಷಭಾವತಿ ನಮ್ಮ ಕೆಂಗೇರಿಯ ಮಗ್ಗುಲಲ್ಲೇ ಹರಿದು ಬೈರಮಂಗಲದತ್ತ ಹೋಗುತ್ತದೆ. ಕೊಳಚೆಯಿಂದಲೂ, ಮಿತಿಮೀರಿ ಹಾಕಿದ ಯೂರಿಯಾದಿಂದಲೂ ನೈಟ್ರೇಟು ಅಂತರ್ಜಲಕ್ಕೆ ಇಳಿಯುತ್ತದೆ. ಈ ನೈಟ್ರೇಟು ಆಮ್ಲಜನಕದ ಕೆಲಸವನ್ನೇ ಮಾಡಿ ಯುರೇನಿಯಂ ಕರಗಲು ನೆರವಾಗಬಲ್ಲದು. ಅಮೆರಿಕದ ಎರಡು ದೊಡ್ಡ ಬೇಸಾಯ ಪ್ರದೇಶಗಳಲ್ಲಿ ನೈಟ್ರೇಟು ಹೆಚ್ಚಿದ್ದ ಬಾವಿಗಳಲ್ಲಿ ಯುರೇನಿಯಂ ಕೂಡ ಹೆಚ್ಚಿರುವುದು 2015ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು.

ರಂಜಕದ ಗೊಬ್ಬರದಲ್ಲಿಯೂ ಯುರೇನಿಯಂ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಇದೆ. 10 ಲಕ್ಷಕ್ಕೆ 100 ಪಾಲು ಎಂದಿಟ್ಟುಕೊಂಡರೂ 50 ಕಿಲೋ ಮೂಟೆಯಲ್ಲಿ 5 ಗ್ರಾಂ. ಎಕರೆಯಲ್ಲಿ ಮೊದಲೇ ಇರುವ 2 ಕಿಲೋ ಮುಂದೆ ಇದು ಅಲ್ಪ. ಬೆಳೆಗೆ ಬೇಕಾದ ಗೊಬ್ಬರವನ್ನು ಮಣ್ಣು ಪರೀಕ್ಷೆಯಂತೆ ಹಾಕಿರಿ, ಹೆದರಿ ಬಿಡಬೇಡಿರಿ.

ಎಷ್ಟಿದ್ದರೆ ಅಪಾಯ?

ಭಾರತೀಯ ಮಾನಕ ಸಂಸ್ಥೆ 2021ರಲ್ಲಿ ಕುಡಿಯುವ ನೀರಿಗೆ ಲೀಟರಿಗೆ 30 ಮೈಕ್ರೋಗ್ರಾಂ ಎಂದು ಮಿತಿ ಇಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯೂ ಅಷ್ಟೇ. ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಸಹೋದ್ಯೋಗಿಗಳು ಪೂರ್ವ ಕರ್ನಾಟಕದ 73 ಹಳ್ಳಿಗಳ ನೀರನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. 57 ಹಳ್ಳಿಗಳಲ್ಲಿ 30ನ್ನೂ, 48 ಹಳ್ಳಿಗಳಲ್ಲಿ 60ನ್ನೂ ಮೀರಿತ್ತು.

ಇಲ್ಲಿ ಭಯ ವಿಕಿರಣಕ್ಕಿಂತ ಹೆಚ್ಚಾಗಿ ರಾಸಾಯನಿಕ ವಿಷದ್ದು. ಸೀಸದಂತೆ ಯುರೇನಿಯಂ ಕೂಡ ಭಾರಲೋಹ. ಕುಡಿದುದರಲ್ಲಿ ಬಹುಪಾಲು ಮಲದೊಡನೆ ಹೋಗಿಬಿಡುತ್ತದೆ. ನೂರಕ್ಕೆ ಒಂದೆರಡು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ಅದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಒಂದು ಲೋಟ ಕುಡಿದರೆ ಏನೂ ಆಗದು. ವರ್ಷಗಟ್ಟಲೆ ಕುಡಿಯುವುದೇ ಕೂಡದು.

ಪ್ಲುಟೋನಿಯಂ ಬೇರೆಯೇ ಮಾತು

ಪ್ಲುಟೋನಿಯಂ ಎಂಬುದು ನಮ್ಮ ಬಂಡೆಯಲ್ಲಿ ಹುಟ್ಟಿದ್ದಲ್ಲ. ಅಣುಸ್ಥಾವರಗಳಲ್ಲಿ ಯುರೇನಿಯಂನಿಂದ ತಯಾರಾದದ್ದು. 1945ರಿಂದ 1980ರವರೆಗೆ ಹಲವು ದೇಶಗಳು ಬಯಲಿನಲ್ಲಿ ಸಿಡಿಸಿದ ಬಾಂಬುಗಳಿಂದ ಇದರ ಅತ್ಯಲ್ಪ ಧೂಳು ಲೋಕದ ಎಲ್ಲ ಮಣ್ಣಿಗೂ ಬಿದ್ದಿದೆ. ಇದು ಅರ್ಧದಷ್ಟಾಗಲು 24,000 ವರ್ಷ ಬೇಕು. ಆದರೆ ಇದರ ಗುಣ ಯುರೇನಿಯಂಗೆ ತದ್ವಿರುದ್ಧ. ಮಣ್ಣಿನ ಕಣಕ್ಕೆ ಬಿಗಿಯಾಗಿ ಅಂಟಿ ಮೇಲಿನ ಕೆಲವು ಅಂಗುಲದಲ್ಲೇ ಉಳಿಯುತ್ತದೆ. ಬೇರು ಅದನ್ನು ಬಹು ಕಡಿಮೆ ಹೀರುತ್ತದೆ. ಅಪಾಯವಿರುವುದು ಧೂಳಾಗಿ ಉಸಿರಿನಲ್ಲಿ ಸೇರಿದಾಗ.

1966ರ ಜನವರಿಯಲ್ಲಿ ಸ್ಪೇನಿನ ಪಾಲೊಮಾರೆಸ್ ಎಂಬ ರೈತರ ಊರಿನ ಮೇಲೆ ಅಮೆರಿಕದ ಯುದ್ಧವಿಮಾನ ಅಪಘಾತಕ್ಕೀಡಾಗಿ, ಎರಡು ಬಾಂಬುಗಳು ಒಡೆದು ಟೊಮ್ಯಾಟೋ ಹೊಲಗಳಲ್ಲಿ ಪ್ಲುಟೋನಿಯಂ ಚೆಲ್ಲಿತು. ಸುಮಾರು 1,400 ಟನ್ ಮಣ್ಣನ್ನು ಬಗೆದು ಹಡಗಿನಲ್ಲಿ ಸಾಗಿಸಬೇಕಾಯಿತು. ದಶಕಗಳು ಕಳೆದರೂ ಕೆಲವು ಜಮೀನುಗಳಿಗೆ ಬೇಲಿ ತಪ್ಪಲಿಲ್ಲ. ಆ ರೈತರ ಕಷ್ಟ ನಮಗಿಲ್ಲ. ನಮ್ಮದು ಬಾವಿಯ ಪ್ರಶ್ನೆ. ಅದಕ್ಕೆ ಪರಿಹಾರವೂ ಇದೆ.

ಮಾಡಬೇಕಾದದ್ದೇನು?

1. ಬೆಳ್ಳಗಿರುವುದೆಲ್ಲ ಹಾಲಲ್ಲ. ಯುರೇನಿಯಂಗೆ ಬಣ್ಣ, ವಾಸನೆ, ರುಚಿ ಗೊತ್ತಾಗುವುದಿಲ್ಲ. ಕೈಯಲ್ಲಿ ಹಿಡಿದು ನೋಡುವ ಲವಣದ ಮೀಟರಿಗೂ ಅದು ಸಿಕ್ಕದು. ಪಂಪನ್ನು 10 ನಿಮಿಷ ಓಡಿಸಿ, ಶುಭ್ರವಾದ ಪ್ಲಾಸ್ಟಿಕ್ ಸೀಸೆಯಲ್ಲಿ 1 ಲೀಟರ್ ನೀರು ಹಿಡಿದು, "ಯುರೇನಿಯಂ ಮತ್ತು ನೈಟ್ರೇಟು ನೋಡಿ" ಎಂದು ಸ್ಪಷ್ಟವಾಗಿ ಬರೆದುಕೊಟ್ಟು ಪರೀಕ್ಷೆ ಮಾಡಿಸಿರಿ. ಪಕ್ಕದ ಹೊಲದ ಬಾವಿಯ ಫಲಿತಾಂಶ ನಿಮ್ಮದಾಗದು. ಬಿರುಕು ಬದಲಾದರೆ ನೀರೂ ಬದಲು.

2. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಬಟ್ಟೆ, ಮರಳು, ಕ್ಯಾಂಡಲ್ ಫಿಲ್ಟರುಗಳನ್ನು ನೆಚ್ಚಬೇಡಿರಿ. ರಿವರ್ಸ್ ಆಸ್ಮೋಸಿಸ್ ಯಂತ್ರ ತೆಗೆಯುತ್ತದೆ. ಅದು ಹೊರಗೆ ಬಿಡುವ ನೀರಿನಲ್ಲಿ ಯುರೇನಿಯಂ ಹೆಚ್ಚಿರುವುದರಿಂದ ನೆಲ ತೊಳೆಯಲು ಮಾತ್ರ ಬಳಸಿರಿ. ಬಾವಿಗೆ ಹಿಂದಕ್ಕೆ ಬಿಡಲೇಬಾರದು.

3. ಮಿತಿ ಮೀರಿದ ಬಾವಿಯನ್ನು ಮುಚ್ಚಬೇಕಾಗಿಲ್ಲ. ಸ್ನಾನಕ್ಕೆ, ಬಟ್ಟೆಗೆ ಬಳಸಬಹುದು. ಚರ್ಮದ ಮೂಲಕ ಅದು ಒಳಸೇರುವುದು ತೀರ ಕಡಿಮೆ. ಪೈರಿನಲ್ಲಿ ಅದು ಹೆಚ್ಚಾಗಿ ಬೇರಿನಲ್ಲೇ ನಿಲ್ಲುತ್ತದೆ. ಸೊಪ್ಪು, ಗೆಡ್ಡೆಗಳ ಮಣ್ಣನ್ನು ಚೆನ್ನಾಗಿ ತೊಳೆಯಿರಿ.

4. ಮಳೆನೀರು ಹಿಡಿಯಿರಿ. ಅದು ಬಂಡೆಯನ್ನು ಕಾಣದ ನೀರು. 1,000 ಚದರ ಅಡಿ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,300 ಲೀಟರ್. ಸೋರಿ ಹೋದದ್ದು ಕಳೆದು 1,800 ಲೀಟರ್ ಸಿಕ್ಕರೂ, ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ 72 ದಿನಕ್ಕೆ ಸಾಕು. ಮೊದಲ ಮಳೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿಟ್ಟು, ಕಾಯಿಸಿ ಕುಡಿಯಿರಿ.

ಆ ತಾಯಿಗೆ ನನ್ನ ಉತ್ತರ ಇಷ್ಟೇ: ಅಮ್ಮ, ನಿಮ್ಮ ಬಾವಿ ಒಳ್ಳೆಯದೋ ಕೆಟ್ಟದ್ದೋ ಎಂದು ಪರೀಕ್ಷೆಯಿಲ್ಲದೆ ಯಾರು ಹೇಳಿದರೂ ನಂಬಬೇಡಿ. ಫಲಿತಾಂಶ ಬರುವವರೆಗೆ ಮಗುವಿಗೆ ಕಾವೇರಿಯ ನಲ್ಲಿ ನೀರನ್ನೋ ಮಳೆನೀರನ್ನೋ ಕಾಯಿಸಿ ಆರಿಸಿ ಕೊಡಿ. ಬಂದ ಮೇಲೆ ಆ ಚೀಟಿಯನ್ನು ನೆರೆಹೊರೆಯವರಿಗೂ ತೋರಿಸಿ. ಮಾರುವ ಜಮೀನಿನ ಬೆಲೆ ಇಳಿದೀತೆಂದು ಮುಚ್ಚಿಡಬೇಡಿ. ಆ ನೀರನ್ನು ಕುಡಿಯುವವರಲ್ಲಿ ನಿಮ್ಮ ಆಳುಮಕ್ಕಳೂ ಇದ್ದಾರೆ.