ರಂಗಸ್ಥಳದಲ್ಲಿ ಪತ್ತೇದಾರ

ಹಂಪಸಾಗರವು ಹಗರಿಬೊಮ್ಮನಹಳ್ಳಿ ತಾಲೂಕಿಗೆ ಸೇರಿದ, ತುಂಗಭದ್ರೆಯ ಸೀಮೆಯ ಒಂದು ಊರು. 1953ರವರೆಗೆ ಮದರಾಸಿನ ಆಡಳಿತದಲ್ಲಿದ್ದು, ಬಳಿಕ ಮೈಸೂರನ್ನು ಸೇರಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾದ ನಾಡು ಅದು. ಈ ಕಡೆಯ ಹಳ್ಳಿಗಳಲ್ಲಿ ಜಾತ್ರೆಯ ದಿನಗಳು ಬಂದುವೆಂದರೆ ನಾಟಕವೂ ಬಂದೇ ಬರುವುದು. ಊರಿನ ತರುಣರೇ ಪಾತ್ರಗಳನ್ನು ಹಂಚಿಕೊಳ್ಳುವರು. ಹಾರ್ಮೋನಿಯಂ ಮಾಸ್ತರರು ತಿಂಗಳುಗಟ್ಟಲೆ ಕುಳಿತು ಮಾತನ್ನೂ ಹಾಡನ್ನೂ ಕಲಿಸುವರು. ಪರದೆಗಳು ಬಾಡಿಗೆಗೆ ಬರುವುವು. ಸ್ತ್ರೀಪಾತ್ರಗಳಿಗೆ ಬಳ್ಳಾರಿ, ಮರಿಯಮ್ಮನಹಳ್ಳಿಗಳಿಂದ ಕಲಾವಿದೆಯರು ಬರುವರು. ಹಂಪಸಾಗರದಂತಹ ಊರಿನಲ್ಲಿ ಒಂದು ರಾತ್ರಿ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಆಡುತ್ತಿರುವರೆಂದು ಶ್ರೋತೃಗಳು ಭಾವಿಸಿಕೊಳ್ಳಬೇಕು.

ಈ ಹೆಸರನ್ನು ಕೇಳಿದವರಿಗೆ ಇದೊಂದು ಪತ್ತೇದಾರಿ ಕಾದಂಬರಿಯಿರಬೇಕೆಂದು ತೋರಿದರೆ ಆಶ್ಚರ್ಯವಿಲ್ಲ. ಕಥೆಯ ಸಾಮಗ್ರಿಯೂ ಅಂಥದೇ. ಗಾಢಾಂಧಕಾರ, ಯುದ್ಧ ಮುಗಿದ ಶಿಬಿರ, ನಿದ್ರಾವಶರಾದ ಐವರು, ಒಳಹೊಕ್ಕ ಕೊಲೆಗಾರ. ಕೊಂದುದು ಪಾಂಡವರನ್ನಲ್ಲ, ಅವರ ಮಕ್ಕಳನ್ನು ಎಂಬ ಗುರುತಿನ ಪ್ರಮಾದ. ಆದರೆ ಕೊಂದವರು ಯಾರು ಎಂದು ನೆರೆದ ಜನರಲ್ಲಿ ಒಬ್ಬರೂ ಕೇಳುವುದಿಲ್ಲ. ಅಶ್ವತ್ಥಾಮನೆಂಬುದು ಪರದೆ ಏಳುವ ಮೊದಲೇ ಮಕ್ಕಳಿಗೂ ಗೊತ್ತು. ಆದರೂ ಬೆಳಗಾಗುವವರೆಗೆ ಯಾರೂ ಎದ್ದುಹೋಗುವುದಿಲ್ಲ. ಇದೇಕೆ? ಇಂದಿನ ಭಾಷಣದ ಉದ್ದಕ್ಕೂ ಈ ಪ್ರಶ್ನೆಯನ್ನು ನಾವು ಜೊತೆಯಲ್ಲಿಟ್ಟುಕೊಳ್ಳುವೆವು.

ಪತ್ತೇದಾರಿ ಕಾದಂಬರಿಯ ನಿಯಮವು ಇದಕ್ಕೆ ನೇರವಾಗಿ ವಿರುದ್ಧವಾದುದು. ಅಲ್ಲಿ ಓದುಗನ ಅಜ್ಞಾನವೇ ಬಂಡವಾಳ. ಗುಟ್ಟು ತಿಳಿದೊಡನೆ ಪುಸ್ತಕವು ಕಪಾಟನ್ನು ಸೇರುವುದು. ನಾಟಕವನ್ನು ನೂರು ಸಲ ನೋಡಬಹುದು. ಪತ್ತೇದಾರಿಯನ್ನು ಎರಡನೆಯ ಸಲ ಓದುವವರು ವಿರಳ. ಹೀಗಿದ್ದರೂ ಈ ಎರಡು ಕಲೆಗಳಿಗೂ ಬಹು ಹಳೆಯ ಸ್ನೇಹವುಂಟು. 1929ನೆಯ ಒಂದೇ ವರ್ಷದಲ್ಲಿ ಇದಕ್ಕೆ ಎರಡು ನಿದರ್ಶನಗಳು ದೊರೆಯುವುವು. ಅಮೆರಿಕದ ಎಲರಿ ಕ್ವೀನ್ ಎಂಬ ಹೆಸರಿನ ಮೊದಲ ಕಾದಂಬರಿ ‘ದಿ ರೋಮನ್ ಹ್ಯಾಟ್ ಮಿಸ್ಟರಿ’ಯಲ್ಲಿ ನ್ಯೂಯಾರ್ಕಿನ ನಾಟಕಶಾಲೆಯೊಂದರಲ್ಲಿ ಆಟ ನಡೆಯುತ್ತಿರುವಾಗಲೇ ಪ್ರೇಕ್ಷಕನೊಬ್ಬನು ತನ್ನ ಆಸನದಲ್ಲಿ ಸತ್ತುಬೀಳುವನು; ಅವನ ರೇಷ್ಮೆಯ ಟೋಪಿ ಮಾತ್ರ ಕಾಣೆ. ಜೋಸೆಫಿನ್ ಟೇ ಅವರ ‘ದಿ ಮ್ಯಾನ್ ಇನ್ ದಿ ಕ್ಯೂ’ದಲ್ಲಿ ನಾಟಕಶಾಲೆಯ ಬಾಗಿಲಲ್ಲಿ ಸಾಲುಗಟ್ಟಿ ನಿಂತವರ ನಡುವೆಯೇ ಒಬ್ಬನಿಗೆ ಇರಿತವಾಗುವುದು. ಟೇ ಅವರು ಗಾರ್ಡನ್ ಡೇವಿಯಟ್ ಎಂಬ ಇನ್ನೊಂದು ಹೆಸರಿನಿಂದ ಖ್ಯಾತ ನಾಟಕಗಳನ್ನೂ ಬರೆದವರು.

ರಂಗಭೂಮಿಯು ಈ ಲೇಖಕರನ್ನು ಸೆಳೆದುದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದಾಗಿ, ಅಲ್ಲಿರುವವರೆಲ್ಲರೂ ತಾವಲ್ಲದವರಂತೆ ತೋರುವುದರಲ್ಲಿ ಪಳಗಿದವರು. ಅವರ ಕಣ್ಣೀರನ್ನು ಪತ್ತೇದಾರನು ನಂಬುವಂತಿಲ್ಲ. ಎರಡನೆಯದಾಗಿ, ಯಾರು ಯಾವ ಗಳಿಗೆಯಲ್ಲಿ ರಂಗದ ಮೇಲಿರಬೇಕು, ಯಾವ ಗಳಿಗೆಯಲ್ಲಿ ಒಳಗಿರಬೇಕು ಎಂಬುದು ಮೊದಲೇ ನಿಶ್ಚಿತವಾದುದರಿಂದ ಕಾಲದ ಲೆಕ್ಕ ಹಾಕುವುದು ಸುಲಭ. ಮೂರನೆಯದಾಗಿ, ಕತ್ತಿ, ಪಿಸ್ತೂಲು, ಹಗ್ಗ, ರಾಟೆ ಮುಂತಾದ ಮಾರಕ ಸಾಧನಗಳೆಲ್ಲ ಅಲ್ಲಿ ನಿರಪಾಯವಾದ ವೇಷದಲ್ಲಿ ಸಿದ್ಧವಾಗಿರುವುವು. 1934ರಲ್ಲಿ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕಾಗಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಪರದೆಯ ಮುಂದೆ ಅಷ್ಟೊಂದು ವೈಭವ ಕಾಣಬೇಕಾದರೆ ಹಿಂದೆ ಎಷ್ಟು ಕೈಗಳು ಎಷ್ಟು ಎಚ್ಚರದಿಂದ ದುಡಿಯಬೇಕು! ಆ ಕೈಗಳಲ್ಲಿ ಒಂದು ಬೇಕೆಂದೇ ತಪ್ಪಿದರೆ ಪತ್ತೇದಾರನಿಗೆ ಕೆಲಸ ಹುಟ್ಟುವುದು.

ಇದನ್ನೆಲ್ಲ ಒಳಗಿನಿಂದ ಬಲ್ಲ ಲೇಖಕಿಯೆಂದರೆ ನ್ಯೂಜಿಲೆಂಡಿನ ನಾಯೋ ಮಾರ್ಷ್. 1895ರಲ್ಲಿ ಜನಿಸಿದ ಅವರು ತಾರುಣ್ಯದಲ್ಲಿ ಊರೂರು ಸುತ್ತುವ ಷೇಕ್ಸ್‌ಪಿಯರ್ ಮಂಡಲಿಯೊಂದರಲ್ಲಿ ನಟಿಸಿದರು. ಮುಂದೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಷೇಕ್ಸ್‌ಪಿಯರನ ನಾಟಕಗಳನ್ನು ವರ್ಷಗಟ್ಟಲೆ ಆಡಿಸಿದರು. 1934ರಿಂದ 1982ರವರೆಗೆ ಅವರ 32 ಪತ್ತೇದಾರಿ ಕಾದಂಬರಿಗಳು ಪ್ರಕಟವಾದುವು. 1935ರ ‘ಎಂಟರ್ ಎ ಮರ್ಡರರ್’ನಲ್ಲಿ ನಾಟಕದ ಪಿಸ್ತೂಲಿಗೆ ಹುಸಿ ಗುಂಡಿನ ಬದಲು ನಿಜವಾದ ಗುಂಡು ಸೇರುವುದು. 1937ರ ‘ವಿಂಟೇಜ್ ಮರ್ಡರ್’ನಲ್ಲಿ ಪ್ರವಾಸದಲ್ಲಿರುವ ಕಂಪನಿಯೊಂದು ನಾಯಕಿಯ ಹುಟ್ಟುಹಬ್ಬವನ್ನು ರಂಗದ ಮೇಲೆಯೇ ಆಚರಿಸುವಾಗ, ಮೇಲಿನಿಂದ ಹಗ್ಗದಲ್ಲಿ ಮೆಲ್ಲನೆ ಇಳಿಯಬೇಕಾದ ದೊಡ್ಡ ಮದ್ಯದ ಸೀಸೆಯು ಕಂಪನಿಯ ಒಡೆಯನ ತಲೆಯ ಮೇಲೆ ಬೀಳುವುದು. ಇವು ಬಿಗಿಯಾದ ಗಂಟುಗಳು; ಲೇಖಕಿಯ ಪ್ರಾಯದ ಕಾಲದ ಕೃತಿಗಳು.

ಪ್ರಾಯ ಕಳೆದ ಮೇಲೆ ಏನಾಗುವುದು? ಪತ್ತೇದಾರಿ ಲೇಖಕರ ಮುಪ್ಪಿನ ಕೃತಿಗಳನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ಕೈ ಸೋತಿತು, ಗಂಟು ಸಡಿಲಿತು. ಅಗಥಾ ಕ್ರಿಸ್ಟಿಯವರ ವಿಷಯದಲ್ಲಿ ಈ ಮಾತಿಗೆ ಆಧಾರವುಂಟು. 1975ರಲ್ಲಿ ಪ್ರಕಟವಾದ ‘ಕರ್ಟನ್’, ಎಂದರೆ ‘ಪರದೆ’, ಬಹು ಬಿಗಿಯಾದ ಕಥೆ. ಆದರೆ ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರೆದು ಭದ್ರವಾಗಿ ಮುಚ್ಚಿಟ್ಟಿದ್ದ ಕೃತಿ. ಅವರು ನಿಜವಾಗಿ ಕೊನೆಯಲ್ಲಿ ಬರೆದುದು 1973ರ ‘ಪೋಸ್ಟರ್ನ್ ಆಫ್ ಫೇಟ್’. ಅಲ್ಲಿ ಮಾತುಗಳು ಮರುಕಳಿಸುವುವು, ಎಳೆಗಳು ಕೈತಪ್ಪುವುವು. 2009ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು ಅವರ ಕಾದಂಬರಿಗಳ ಪದಗಳನ್ನು ಎಣಿಸಿ ನೋಡಿ, ಕೊನೆಯ ಕೃತಿಗಳಲ್ಲಿ ಪದಸಂಪತ್ತು ಕುಗ್ಗಿರುವುದನ್ನು ತೋರಿಸಿದರು. ಇದು ಮರೆವಿನ ರೋಗದ ಲಕ್ಷಣವಾಗಿರಬಹುದೆಂದು ಊಹಿಸಿದರು. ಸಡಿಲವಾದ ಗಂಟನ್ನು ಬಿಗಿಯಾಗಿದೆಯೆಂದು ಹೊಗಳುವುದು ಗೌರವವಲ್ಲ, ಸುಳ್ಳು. ಹಣ ಕೊಟ್ಟು ಒಗಟನ್ನು ಕೊಂಡ ಓದುಗನು ಒಗಟನ್ನು ಕೇಳುವುದು ನ್ಯಾಯವೇ.

ಆದರೆ ಮುಪ್ಪಿನಲ್ಲಿ ಆಗುವುದು ಅದೊಂದೇ ಅಲ್ಲ. ಮಾರ್ಷ್ ಅವರ ಕೊನೆಯ ಕಾದಂಬರಿ ‘ಲೈಟ್ ಥಿಕನ್ಸ್’ ಅನ್ನು ನೋಡೋಣ. 1982ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಮುಗಿಸಿದ್ದ ಆ ಕೃತಿಯು ಬಳಿಕ ಅದೇ ವರ್ಷ ಹೊರಬಂದಿತು. ಹೆಸರು ‘ಮ್ಯಾಕ್‌ಬೆತ್’ ನಾಟಕದ್ದು. ಕಥೆಯೂ ಆ ನಾಟಕದ ಸಿದ್ಧತೆಯದ್ದೇ. ಸ್ಥಳವು ‘ಡೆತ್ ಅಟ್ ದಿ ಡಾಲ್ಫಿನ್’ನಲ್ಲಿ ಅವರೇ ಕಲ್ಪಿಸಿದ್ದ ನಾಟಕಶಾಲೆ. ಪುಸ್ತಕವು ಅರ್ಧ ಕಳೆಯುವವರೆಗೂ ಕೊಲೆಯೇ ಇಲ್ಲ! ನಟರು ಬರುವರು, ಮಾತು ಕಲಿಯುವರು, ಕತ್ತಿವರಸೆಯನ್ನು ಮತ್ತೆ ಮತ್ತೆ ತಿದ್ದಿಕೊಳ್ಳುವರು. ಆ ನಾಟಕಕ್ಕೆ ಅಂಟಿಬಂದ ಅಪಶಕುನದ ಭಯದಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುವರು. ಕಡೆಗೊಮ್ಮೆ ಮ್ಯಾಕ್‌ಬೆತ್ತನ ತಲೆಯನ್ನು ರಂಗಕ್ಕೆ ತರುವ ದೃಶ್ಯದಲ್ಲಿ, ಬಂದುದು ಹುಸಿ ತಲೆಯಲ್ಲ, ನಟನದೇ ಎಂದು ತಿಳಿಯುವುದು.

ಒಗಟನ್ನೇ ಹುಡುಕುವವನಿಗೆ ಇದು ನಿಧಾನವಾದ ಪುಸ್ತಕ. ಆದರೆ ನಮಗೆ ತೋರುವುದೇನೆಂದರೆ, ಎಂಬತ್ತು ದಾಟಿದ ಆ ವೃದ್ಧೆಯು ಇಲ್ಲಿ ಓದುಗನ ಅಜ್ಞಾನವನ್ನು ನೆಚ್ಚುವುದನ್ನು ಬಿಟ್ಟು, ಅವನ ತಿಳಿವನ್ನು ನೆಚ್ಚಿರುವರು. ಮ್ಯಾಕ್‌ಬೆತ್ತನ ಕಥೆ ಎಲ್ಲರಿಗೂ ಗೊತ್ತು. ಕೊಲೆಗಾರನಾರೆಂಬುದು ಅದರಲ್ಲಿ ಗುಟ್ಟೇ ಅಲ್ಲ. ಆ ಕಥೆಯನ್ನು ರಂಗಕ್ಕೆ ತರುವ ಬಗೆ ಹೇಗೆ, ಎಂತಹ ಎಚ್ಚರ, ಎಂತಹ ಪ್ರೀತಿ ಅದಕ್ಕೆ ಬೇಕು ಎಂಬುದನ್ನು ಜೀವಮಾನವೆಲ್ಲ ಕಲಿತವರೊಬ್ಬರು ಹೊರಡುವ ಮುನ್ನ ನಮ್ಮ ಕೈಗಿಟ್ಟು ಹೋಗಿರುವರು. ಗಂಟಿನ ಬಿಗಿ ತುಸು ತಪ್ಪಿದಲ್ಲಿ ನೂಲಿನ ಬಣ್ಣ ಕಂಡಿತು. ಇದನ್ನು ಬರಿಯ ಸೋಲೆಂದು ಎಣಿಸಿದರೆ ನಷ್ಟವಾಗುವುದು ಓದುಗನಿಗೇ.

ನಮ್ಮ ನಾಡಿನಲ್ಲಿಯೂ ಈ ಎರಡು ಕಲೆಗಳು ಒಂದೇ ಕೈಯಲ್ಲಿ ಕೂಡಿದುದುಂಟು. 1921ರಲ್ಲಿ ತೀರಿಕೊಂಡ ಕೆರೂರು ವಾಸುದೇವಾಚಾರ್ಯರು ಷೇಕ್ಸ್‌ಪಿಯರನ ‘ವೆನಿಸಿನ ವರ್ತಕ’ನನ್ನು ‘ಸುರತನಗರದ ಶ್ರೇಷ್ಠಿ’ಯಾಗಿಸಿದವರು, ಷರ್ಲಾಕ್ ಹೋಮ್ಸನ ಕಥೆಗಳನ್ನು ಕನ್ನಡಕ್ಕೆ ತಂದವರೂ ಅವರೇ. ಬಳಿಕ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, 500ಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು, ಸಾವಿರಾರು ಜನರಿಗೆ ಕನ್ನಡ ಓದುವ ರುಚಿ ಹತ್ತಿಸಿದರು; 2011ರಲ್ಲಿ ಅವರು ತೀರಿಕೊಂಡರು. ಇಂಥವರ ಪುಸ್ತಕಗಳನ್ನು ನಾವು ಹುಡುಗತನದಲ್ಲಿ ಒಂದೇ ಉಸಿರಿಗೆ ಓದಿ, ದೊಡ್ಡವರಾದ ಮೇಲೆ ಓದಿದ್ದೆವೆನ್ನಲು ನಾಚಿದೆವು. ಲೇಖಕರ ಮೊದಲ ಪುಸ್ತಕ ಯಾವುದು, ಕೊನೆಯದು ಯಾವುದು, ನಡುವೆ ಅವರು ಏನು ಕಲಿತರು, ಏನನ್ನು ಬಿಟ್ಟರು ಎಂದು ಒಂದು ದಿನವೂ ಕೇಳಲಿಲ್ಲ. ಗುಟ್ಟು ತಿಳಿದೊಡನೆ ಪುಸ್ತಕವನ್ನು ಎಸೆದಂತೆ ಬರೆದವರನ್ನೂ ಮರೆತೆವು. ಇದು ನ್ಯಾಯವೇ ಎಂಬುದನ್ನು ಶ್ರೋತೃಗಳು ಯೋಚಿಸಬೇಕು.

ಈಗ ಜಾತ್ರೆಯ ರಾತ್ರಿಗೆ ಮರಳೋಣ. ಎಲ್ಲ ತಿಳಿದೂ ಜನರು ಏಕೆ ಕುಳಿತಿರುವರು? ಅಶ್ವತ್ಥಾಮನು ಕೊಲ್ಲುವನೆಂಬುದು ಅವರಿಗೆ ಗೊತ್ತು. ಆದರೆ ಈ ಊರಿನ ಈ ಅಶ್ವತ್ಥಾಮನು ಆ ಪಾಪದ ಮುಂದೆ ಹೇಗೆ ನಿಲ್ಲುವನೆಂಬುದು ಗೊತ್ತಿಲ್ಲ. ಮುದಿನಟನೊಬ್ಬನು ಮಾತು ಮರೆತು ತಡವರಿಸಿದರೆ ಅವರು ನಗುವುದಿಲ್ಲ. ಅವನ ಧ್ವನಿಯಲ್ಲಿ ಉಳಿದಿರುವ ಹಳೆಯ ಕಸುವಿಗಾಗಿ ಕಿವಿಗೊಡುವರು. ನಾಟಕದ ಪ್ರೇಕ್ಷಕನು ಮುದಿನಟನಿಗೆ ತೋರುವ ಈ ತಾಳ್ಮೆಯನ್ನು ಓದುಗನು ಮುದಿಲೇಖಕನಿಗೂ ತೋರಬೇಕೆಂಬುದೇ ನಮ್ಮ ಬಿನ್ನಹ. ಮನೆಯ ಕಪಾಟಿನಲ್ಲಿ ಹಳೆಯ ಪತ್ತೇದಾರಿ ಕಾದಂಬರಿಯೊಂದು ಧೂಳು ತಿನ್ನುತ್ತಿದ್ದರೆ ತೆಗೆದು ಇನ್ನೊಮ್ಮೆ ಓದಿರಿ. ಕೊಂದವರು ಯಾರೆಂಬುದು ನೆನಪಿದ್ದರೆ ಇನ್ನೂ ಒಳ್ಳೆಯದು.